ಒಂಟಿಕೈಯ ವ್ಯಾಪಾರ

ವ್ಯಾಪಾರವೆಂದೊಡನೆ ನಮ್ಮ ಜನರ ಮನಸ್ಸಿಗೆ ಮೊದಲು ಬರುವುದು ಬಂಡವಾಳದ ಚಿಂತೆ. ಅಂಗಡಿಯ ಬಾಡಿಗೆ, ಆಳಿನ ಸಂಬಳ, ಸಾಲದ ಬಡ್ಡಿ ಇವುಗಳಿಗೆ ಅಂಜಿ, ಕೈಯಲ್ಲಿ ಕೌಶಲವಿದ್ದೂ ಸುಮ್ಮನೆ ಕುಳಿತಿರುವ ಗೃಹಸ್ಥರೂ ಗೃಹಿಣಿಯರೂ ಎಷ್ಟೋ ಮಂದಿ. ಅಂತರ್ಜಾಲವು ಈ ಅಂಜಿಕೆಯನ್ನು ಬಹುಮಟ್ಟಿಗೆ ನೀಗಿಸಿದೆ. ಧಾರವಾಡದ ಓಣಿಯೊಂದರಲ್ಲಿ ಕುಳಿತು ಕಸೂತಿ ಹಾಕುವವರೂ, ಮೈಸೂರಿನ ಅಡುಗೆಮನೆಯೊಂದರಲ್ಲಿ ಚಟ್ನಿಪುಡಿ ಮಾಡುವವರೂ ಇಂದು ಹೊಸಿಲು ದಾಟದೆಯೇ ದೂರದ ಊರುಗಳ ಗಿರಾಕಿಗಳನ್ನು ಸಂಪಾದಿಸಬಲ್ಲರು. 2016ರಲ್ಲಿ ಯುಪಿಐ ಪದ್ಧತಿ ಬಂದ ಮೇಲೆ ಹಣ ಕೈಸೇರುವುದು ಕ್ಷಣಮಾತ್ರದ ಕೆಲಸವಾಯಿತು. 2018ರಲ್ಲಿ ಹೊರಬಂದ ವಾಟ್ಸಪ್ ಬಿಸಿನೆಸ್ ಎಂಬ ಸಾಧನದಲ್ಲಿ ಸರಕಿನ ಚಿತ್ರವನ್ನೂ ಬೆಲೆಯನ್ನೂ ಖರ್ಚಿಲ್ಲದೆ ತೋರಿಸಿಡಬಹುದು. ವಿ.ಪಿ. ಅಂಚೆಯಲ್ಲಿ ಪುಸ್ತಕಗಳನ್ನೂ ಔಷಧಗಳನ್ನೂ ತರಿಸುತ್ತಿದ್ದ ನಮ್ಮ ಹಿರಿಯರ ಪದ್ಧತಿಯೇ ರೂಪಾಂತರ ಹೊಂದಿ ಬಂದಿದೆಯೆಂದರೂ ತಪ್ಪಾಗದು.

ಹೀಗಿದ್ದರೂ, ಉತ್ಸಾಹದಿಂದ ಆರಂಭವಾದ ಇಂತಹ ವ್ಯಾಪಾರಗಳಲ್ಲಿ ಹಲವು ವರ್ಷ ತುಂಬುವುದರೊಳಗೆ ಬಾಡಿಹೋಗುವುದನ್ನು ಕಾಣುತ್ತೇವೆ. ಗಿರಾಕಿಗಳು ದೊರೆಯಲಿಲ್ಲವೆಂಬುದೊಂದೇ ಇದಕ್ಕೆ ಕಾರಣವಲ್ಲ. ಗಿರಾಕಿಗಳು ಅಳತೆ ಮೀರಿ ಬಂದುದರಿಂದಲೂ ಕೆಲವು ನಿಂತುಹೋಗುವುವು. ಏಕೆಂದರೆ ಏಕಾಂಗಿಯ ನಿಜವಾದ ಮೂಲಧನವು ಹಣವಲ್ಲ, ಹೊತ್ತು. ಸಾಲವೆತ್ತಿ ಹಣವನ್ನು ಹೆಚ್ಚಿಸಿಕೊಳ್ಳಬಹುದು. ದಿನಕ್ಕೆ ಇಪ್ಪತ್ತೈದನೆಯ ಗಂಟೆಯನ್ನು ಯಾರೂ ಸಾಲ ಕೊಡಲಾರರು. ಈ ಒಂದು ವಿಷಯವನ್ನು ಮನಗಂಡವನಿಗೆ ಒಂಟಿಕೈಯ ವ್ಯಾಪಾರದ ಮುಕ್ಕಾಲು ಪಾಲು ತಿಳಿದಂತೆಯೇ ಸರಿ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಗೃಹಿಣಿಯೊಬ್ಬಳಿಗೆ ಮನೆಗೆಲಸ ತೀರಿದ ಮೇಲೆ ದಿನಕ್ಕೆ 4 ಗಂಟೆಯ ಬಿಡುವಿದೆ. ತಿಂಗಳಿಗೆ 24 ದಿನ ದುಡಿಯುತ್ತಾಳೆ. ಒಟ್ಟು 96 ಗಂಟೆ. ಅರ್ಧ ಕಿಲೋ ಚಟ್ನಿಪುಡಿಯ ಒಂದು ಪೊಟ್ಟಣಕ್ಕೆ ಹುರಿಯುವುದು, ಪುಡಿ ಮಾಡುವುದು, ತೂಗಿ ಕಟ್ಟುವುದು, ಗಿರಾಕಿಗೆ ಉತ್ತರ ಬರೆಯುವುದು, ಅಂಚೆಗೆ ಒಯ್ಯುವುದು ಇವೆಲ್ಲ ಸೇರಿ ಸರಾಸರಿ 40 ನಿಮಿಷ ಹಿಡಿಯುವುದೆಂದು ಇಟ್ಟುಕೊಳ್ಳಿ. ಆಗ ತಿಂಗಳಿಗೆ 144 ಪೊಟ್ಟಣವೇ ಆಕೆಯ ಶಕ್ತಿಯ ಪರಮಾವಧಿ. ಬೇಳೆ, ಕೊಬ್ಬರಿ, ಮೆಣಸಿನಕಾಯಿ, ಇಂಧನ, ಚೀಲ ಇವುಗಳ ವೆಚ್ಚ ಪೊಟ್ಟಣಕ್ಕೆ 125 ರೂಪಾಯಿ. ಅಂಚೆಯ ವೆಚ್ಚ ಗಿರಾಕಿಯದು. 180 ರೂಪಾಯಿಗೆ ಮಾರಿದರೆ ಪೊಟ್ಟಣಕ್ಕೆ ಉಳಿಯುವುದು 55 ರೂಪಾಯಿ. ಎಲ್ಲ 144 ಪೊಟ್ಟಣಗಳೂ ಹೋದರೆ 7,920 ರೂಪಾಯಿ. 220 ರೂಪಾಯಿಗೆ ಮಾರಿದರೆ ಉಳಿಯುವುದು 95 ರೂಪಾಯಿ. ಬೆಲೆಗೆ ಹಿಂಜರಿದು ಕೆಲವರು ಬಿಟ್ಟುಹೋಗಿ 100 ಪೊಟ್ಟಣಗಳೇ ಮಾರಾಟವಾದರೂ 9,500 ರೂಪಾಯಿ ಬರುವುದು. ದುಡಿಮೆಯೋ 67 ಗಂಟೆಗೂ ಕಡಮೆ. ಆದಾಯ ಹೆಚ್ಚಿತು, ಅದರೊಡನೆ ಸುಮಾರು 29 ಗಂಟೆಗಳ ಬಿಡುವೂ ಉಳಿಯಿತು. ಮಗುವಿನ ಜ್ವರ, ಹಬ್ಬ ಹರಿದಿನ, ನೆಂಟರ ಬರವು, ತನ್ನ ವಿಶ್ರಾಂತಿ ಇವೆಲ್ಲಕ್ಕೂ ಆ ಬಿಡುವೇ ಆಧಾರ.

"ಮನೆಯಲ್ಲೇ ಮಾಡಿದ್ದಲ್ಲವೆ, ಇಷ್ಟೇಕೆ ಬೆಲೆ?" ಎಂದು ಕೇಳುವವರು ಇದ್ದೇ ಇರುವರು. ಮನೆಯಲ್ಲಿ ಮಾಡಿದ ಕೆಲಸಕ್ಕೆ ಕೂಲಿಯಿಲ್ಲವೆಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಕೇಳುವವರಿಗಿಂತ ಹೆಚ್ಚಾಗಿ ಮಾರುವವಳ ಮನಸ್ಸಿನಲ್ಲಿಯೇ ಅದು ನೆಲೆಸಿರುವುದು ಶೋಚನೀಯ. ತನ್ನ ದುಡಿಮೆಗೆ ತಾನೇ ಬೆಲೆ ಕಟ್ಟದವಳಿಗೆ ಅನ್ಯರು ಬೆಲೆ ಕಟ್ಟುವುದುಂಟೆ? ಆದುದರಿಂದ ತನ್ನ ಗಂಟೆಗೆ ಇಷ್ಟು ಕೂಲಿಯೆಂದು ಮೊದಲು ನಿಶ್ಚಯಿಸಿ, ಅದನ್ನು ವೆಚ್ಚದ ಪಟ್ಟಿಯಲ್ಲಿ ಬೇಳೆಯ ಬೆಲೆಯೊಡನೆಯೇ ಬರೆಯತಕ್ಕದ್ದು. ಹಾಗೆ ಬರೆದ ಮೇಲೆ ಯಾವ ಬೆಲೆಗೆ ಒಪ್ಪಬಹುದು, ಯಾವುದಕ್ಕೆ ಒಪ್ಪಲಾಗದು ಎಂಬುದು ತಾನಾಗಿ ಗೋಚರಿಸುವುದು.

ಇನ್ನು ವಿಶ್ವಾಸದ ವಿಚಾರ. ಅಂಗಡಿಯಲ್ಲಿ ಗಿರಾಕಿಯು ಸರಕನ್ನು ಮುಟ್ಟಿ ಮೂಸಿ ನೋಡುತ್ತಾನೆ. ಜಾಲದಲ್ಲಿ ಅವನಿಗೆ ದೊರೆಯುವುದು ಮಾರುವವರ ಮಾತು ಮಾತ್ರ. ಆ ಮಾತು ತೂಕದಲ್ಲಿಯೂ ಬಣ್ಣದಲ್ಲಿಯೂ ದಿನದ ಲೆಕ್ಕದಲ್ಲಿಯೂ ನಿಜವಾಗಿರಬೇಕು. ಮೂರು ದಿನದಲ್ಲಿ ಕಳುಹಿಸುವೆನೆಂದು ಹೇಳಿ ಎಂಟನೆಯ ದಿನ ಕಳುಹಿಸುವುದಕ್ಕಿಂತ, ಏಳು ದಿನವಾಗುವುದೆಂದು ಹೇಳಿ ಐದನೆಯ ದಿನ ಕಳುಹಿಸುವುದು ಲೇಸು. ಆಹಾರಪದಾರ್ಥವಾದರೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಂತೆ ಮನೆಯಲ್ಲಿ ಮಾಡಿ ಮಾರುವವರೂ ನೋಂದಣಿ ಪಡೆಯಬೇಕು. ಅದರ 14 ಅಂಕಿಗಳ ಸಂಖ್ಯೆ, ಮಾಡಿದವರ ಹೆಸರು ವಿಳಾಸ, ಒಳಗಿರುವ ಪದಾರ್ಥಗಳು, ತೂಕ, ಬೆಲೆ, ತಯಾರಿಸಿದ ದಿನ ಇವು ಪೊಟ್ಟಣದ ಮೇಲಿರಬೇಕು. ಇದನ್ನು ವೃಥಾ ಕಾಟವೆಂದು ಬಗೆಯಬಾರದು. ಶೇಂಗಾ ಒಗ್ಗದವನೊಬ್ಬನ ಪ್ರಾಣವು ಆ ಒಂದು ಸಾಲಿನ ಬರಹವನ್ನು ಅವಲಂಬಿಸಿರಬಹುದು.

ಲೆಕ್ಕದ ಪುಸ್ತಕವು ವಿಶ್ವಾಸದ ಮತ್ತೊಂದು ಮುಖ. 2025ರ ಜುಲೈ ತಿಂಗಳಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಗಳನ್ನು ಆಧರಿಸಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿದಾಗ, ಯಾವುದು ಮಾರಾಟದ ಹಣ, ಯಾವುದು ನೆಂಟರು ಕಳುಹಿಸಿದ್ದು ಎಂದು ವಿಂಗಡಿಸಿ ತೋರಿಸಬೇಕಾದ ಅಗತ್ಯ ಎಲ್ಲರಿಗೂ ಮನವರಿಕೆಯಾಯಿತು. ಆದುದರಿಂದ ವ್ಯಾಪಾರಕ್ಕೆ ಪ್ರತ್ಯೇಕವಾದ ಬ್ಯಾಂಕ್ ಖಾತೆಯೊಂದನ್ನು ತೆರೆದು, ನಿತ್ಯವೂ ಹತ್ತು ನಿಮಿಷ ಜಮಾ ಖರ್ಚನ್ನು ಬರೆದಿಡತಕ್ಕದ್ದು. ಹೊರರಾಜ್ಯಗಳಿಗೆ ಸರಕು ಮಾರುವವರಿಗೆ ವಹಿವಾಟು ಸಣ್ಣದಾದರೂ ಸಾಮಾನ್ಯವಾಗಿ ಜಿ.ಎಸ್.ಟಿ. ನೋಂದಣಿ ಬೇಕಾಗುವುದೆಂಬುದನ್ನೂ ಮರೆಯಬಾರದು. ಮೊದಲ ಪೊಟ್ಟಣ ಗಡಿ ದಾಟುವ ಮುನ್ನ ಲೆಕ್ಕಪರಿಶೋಧಕರೊಬ್ಬರನ್ನು ಕೇಳುವುದು ಕ್ಷೇಮ.

ವಂಚಕರಿಂದಲೂ ಜಾಗರೂಕರಾಗಿರಬೇಕು. ಹಣ ಕಳುಹಿಸಿದೆನೆಂದು ಗಿರಾಕಿ ತೋರಿಸುವ ಚಿತ್ರವು ಹಣವಲ್ಲ. ತನ್ನ ಖಾತೆಯಲ್ಲಿ ಜಮೆಯಾದುದನ್ನು ಕಣ್ಣಾರೆ ಕಂಡ ಬಳಿಕವೇ ಸರಕನ್ನು ಕಳುಹಿಸತಕ್ಕದ್ದು. ಯುಪಿಐ ಗುಪ್ತಸಂಖ್ಯೆಯು ಹಣ ಕೊಡುವುದಕ್ಕೆ ಬೇಕೇ ಹೊರತು ಪಡೆಯುವುದಕ್ಕೆ ಎಂದಿಗೂ ಬೇಡ. ಹಣ ಬರಬೇಕಾದರೆ ಸಂಖ್ಯೆಯನ್ನು ಒತ್ತಿರೆಂದು ಹೇಳುವವನು ಗಿರಾಕಿಯಲ್ಲ, ಕಳ್ಳ.

ಪರರ ಜಗಲಿಯ ಮೇಲೆ ಹೂಡಿದ ಅಂಗಡಿಯನ್ನು ಶಾಶ್ವತವೆಂದು ನಂಬಲಾಗದು. 2020ರ ಜೂನ್ 29ರಂದು ಭಾರತ ಸರ್ಕಾರವು ಟಿಕ್‌ಟಾಕ್ ಮೊದಲಾದ 59 ಆ್ಯಪ್‌ಗಳನ್ನು ನಿಷೇಧಿಸಿತು. ಅದೊಂದನ್ನೇ ನೆಚ್ಚಿ ಜನರನ್ನು ಸಂಪಾದಿಸಿದ್ದವರಿಗೆ ಆ ಸಂಪರ್ಕವೆಲ್ಲ ಒಮ್ಮೆಗೇ ಕಡಿದುಹೋಯಿತು. ಗಿರಾಕಿಗಳ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ತನ್ನದೇ ಪುಸ್ತಕದಲ್ಲಿ ಬರೆದಿಟ್ಟುಕೊಂಡವನು ಮಾತ್ರ ಜಗಲಿ ಹೋದರೂ ಗಿರಾಕಿಗಳನ್ನು ಉಳಿಸಿಕೊಳ್ಳುವನು. ಈ ಪುಸ್ತಕವು ಎಲ್ಲಿದೆ, ಬಾಕಿಯಿರುವ ಸರಕು ಯಾರಿಗೆ ಹೋಗಬೇಕು ಎಂಬುದು ಮನೆಯ ಇನ್ನೊಬ್ಬರಿಗಾದರೂ ತಿಳಿದಿರಲಿ. ಒಂಟಿಕೈಗೆ ಕಾಯಿಲೆ ಬಂದ ದಿನ ಅಂಗಡಿಯೇ ಮಲಗುವುದಷ್ಟೆ! ಅಂತಹ ವೇಳೆಯಲ್ಲಿ "ಹತ್ತು ದಿನ ತಡವಾಗುವುದು, ಕ್ಷಮಿಸಬೇಕು" ಎಂದು ಬರೆದು ತಿಳಿಸುವವರೊಬ್ಬರಿದ್ದರೆ ವರ್ಷಗಳ ವಿಶ್ವಾಸ ಉಳಿಯುವುದು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವು ಹಣಕ್ಕೆ ಮಾತ್ರ ಅನ್ವಯಿಸುತ್ತ ಬಂದಿದ್ದೇವೆ. ಹೊತ್ತಿಗೂ ಅದು ಅಷ್ಟೇ ಸಲ್ಲುವುದು. ತಿಂಗಳಿಗೆ ಇಷ್ಟೇ ಪೊಟ್ಟಣ, ಇದಕ್ಕಿಂತ ಹೆಚ್ಚಾದರೆ ಮುಂದಿನ ತಿಂಗಳಿಗೆ ಎಂದು ವಿನಯದಿಂದ ಹೇಳಬಲ್ಲವರ ಸರಕಿಗೆ ಗಿರಾಕಿಗಳು ಕಾದಿರುವರು. ಎಲ್ಲಕ್ಕೂ ಹೂಂಗುಟ್ಟಿ ಯಾವುದನ್ನೂ ಸರಿಯಾಗಿ ಮುಟ್ಟಿಸದವರನ್ನು ಬಿಟ್ಟುಹೋಗುವರು. ವ್ಯಾಪಾರವನ್ನು ಆರಂಭಿಸಬೇಕೆಂದಿರುವ ಸೋದರ ಸೋದರಿಯರು ಸರಕಿನ ಚಿತ್ರ ತೆಗೆಯುವುದಕ್ಕೆ ಮೊದಲು ಒಂದು ಹಾಳೆಯ ಮೇಲೆ ತಮ್ಮ ಗಂಟೆಗಳನ್ನೂ, ಗಂಟೆಯ ಕೂಲಿಯನ್ನೂ, ತಿಂಗಳ ಪರಮಾವಧಿಯನ್ನೂ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಲಿ. ಮೂರೇ ಅಂಕಿಗಳಾದರೂ ಮನೆಯ ನೆಮ್ಮದಿಯನ್ನೂ ವ್ಯಾಪಾರದ ಮರ್ಯಾದೆಯನ್ನೂ ಅವು ಕಾಪಾಡುವುವು.