ಮಕ್ಕಳ ಉಬ್ಬಸ: ಇನ್‌ಹೇಲರ್ ಬಳಸುವ ಸರಿಯಾದ ಕ್ರಮ

ಒಕ್ಕಣೆಯ ದೂಳು, ಒಲೆಯ ಹೊಗೆಗಳಿಂದ ಉಬ್ಬಸವುಳ್ಳ ಮಕ್ಕಳಿಗೆ ತೊಂದರೆ ಹೆಚ್ಚು. ವೈದ್ಯರು ಕೊಟ್ಟ ಇನ್‌ಹೇಲರಿನಿಂದ ಗುಣ ಕಾಣಲಿಲ್ಲವೆಂದು ಕೆಲವರು ಅದನ್ನು ಮೂಲೆಗಿಡುತ್ತಾರೆ. ಅನೇಕ ಸಲ ದೋಷವಿರುವುದು ಔಷಧಿಯಲ್ಲಲ್ಲ, ಬಳಸುವ ಕ್ರಮದಲ್ಲಿ.

ಎಲೆಯ ಅಡಿಯಲ್ಲಿ ಕುಳಿತ ಹೇನಿಗೆ ಸ್ಪರ್ಶ ಕೀಟನಾಶಕವನ್ನು ಎಲೆಯ ಮೇಲೆ ಮಾತ್ರ ಸಿಂಪಡಿಸಿದರೆ ಫಲವಿಲ್ಲವೆಂಬುದು ರೈತರಿಗೆ ತಿಳಿದಿದೆ. ಇಲ್ಲಿಯೂ ಹಾಗೆಯೇ. ಔಷಧಿ ಚಿಮ್ಮುವ ಕ್ಷಣಕ್ಕೆ ಸರಿಯಾಗಿ ಉಸಿರೆಳೆಯದಿದ್ದರೆ ಅದರ ಹೆಚ್ಚಿನ ಭಾಗ ಬಾಯಿ, ಗಂಟಲಿನಲ್ಲಿಯೇ ಉಳಿಯುತ್ತದೆ; ಶ್ವಾಸಕೋಶವನ್ನು ತಲುಪುವುದಿಲ್ಲ. ಮಕ್ಕಳಿಗೆ ಈ ಹೊಂದಾಣಿಕೆ ಕಷ್ಟ. ಆದುದರಿಂದ ಸ್ಪೇಸರ್ ಎಂಬ ಟೊಳ್ಳು ಕೊಳವೆಯನ್ನು ಜೋಡಿಸಬೇಕು. ಔಷಧಿ ಅದರಲ್ಲಿ ನಿಲ್ಲುತ್ತದೆ. ಮಗು ನಿಧಾನವಾಗಿ ಉಸಿರಾಡಿ ಒಳಗೆಳೆದುಕೊಳ್ಳಬಹುದು.

ಬಳಸುವ ಕ್ರಮ

1. ಮಗುವನ್ನು ನೆಟ್ಟಗೆ ಕೂರಿಸಿ.
2. ಇನ್‌ಹೇಲರಿನ ಮುಚ್ಚಳ ತೆಗೆದು, ಚೆನ್ನಾಗಿ ಕುಲುಕಿ, ಸ್ಪೇಸರಿಗೆ ಜೋಡಿಸಿ.
3. ಸ್ಪೇಸರಿನ ತುದಿಯನ್ನು ಹಲ್ಲುಗಳ ನಡುವೆ ಇಟ್ಟು ತುಟಿಗಳನ್ನು ಬಿಗಿಯಾಗಿ ಮುಚ್ಚಿಸಿ. ತೀರ ಚಿಕ್ಕ ಮಕ್ಕಳಿಗೆ ಮೂಗು, ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್ ಬೇಕು.
4. ಒಮ್ಮೆ ಮಾತ್ರ ಒತ್ತಿ. ಮಗು ಸಹಜವಾಗಿ 5–6 ಸಲ ಉಸಿರಾಡಲಿ.
5. ಎರಡನೆಯ ಸಲ ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಕುಲುಕಿ ಒತ್ತಿ.
6. ಸ್ಟೀರಾಯ್ಡ್ ಔಷಧಿಯಾದರೆ ಕೊನೆಯಲ್ಲಿ ಬಾಯಿ ಮುಕ್ಕಳಿಸಿ ಉಗುಳಿಸಿ.

ತಿಂಗಳಿಗೊಮ್ಮೆ ಸ್ಪೇಸರನ್ನು ಸಾಬೂನು ನೀರಿನಲ್ಲಿ ತೊಳೆದು ಗಾಳಿಗೆ ಒಣಗಿಸಿ. ಬಟ್ಟೆಯಿಂದ ಒರೆಸಬಾರದು, ಒರೆಸಿದರೆ ಔಷಧಿ ಗೋಡೆಗೆ ಅಂಟುತ್ತದೆ.

ಸ್ಪೇಸರ್ ಸಿಗದಿದ್ದರೆ ವೈದ್ಯರನ್ನು ಕೇಳಿ 500 ಮಿ.ಲೀ. ಪ್ಲಾಸ್ಟಿಕ್ ಬಾಟಲಿಯಿಂದ ಮಾಡಿಕೊಳ್ಳಬಹುದು. ಬುಡದಲ್ಲಿ ಇನ್‌ಹೇಲರಿನ ಬಾಯಿ ಬಿಗಿಯಾಗಿ ಕೂರುವಷ್ಟು ರಂಧ್ರ ಕೊರೆದು ಸುತ್ತ ಗಾಳಿ ಸೋರದಂತೆ ಮುಚ್ಚಬೇಕು. ಇಂಥ ಬಾಟಲಿ ಮಕ್ಕಳಲ್ಲಿ ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡಿತೆಂದು ದಕ್ಷಿಣ ಆಫ್ರಿಕಾದಲ್ಲಿ ನಡೆದು 1999ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿದೆ.

ಔಷಧಿಗಳಲ್ಲಿ ಎರಡು ಬಗೆ. ಸಾಲ್ಬುಟಮಾಲ್ ಉಬ್ಬಸ ಬಂದಾಗ ಶಮನ ಮಾಡುತ್ತದೆ. ಬ್ಯುಡೆಸೊನೈಡ್‌ನಂಥ ಸ್ಟೀರಾಯ್ಡ್ ಉಬ್ಬಸ ಬಾರದಂತೆ ತಡೆಯುತ್ತದೆ. ಮಗು ಚೆನ್ನಾಗಿದ್ದರೂ ವೈದ್ಯರು ಹೇಳುವವರೆಗೆ ಇದನ್ನು ನಿಲ್ಲಿಸಬಾರದು. ಇನ್‌ಹೇಲರ್ ಚಟವಾಗುತ್ತದೆಂಬುದು ತಪ್ಪು ತಿಳಿವಳಿಕೆ.

ಮಗುವಿಗೆ ಮಾತನಾಡಲಾಗದಿದ್ದರೆ, ಪಕ್ಕೆ ಒಳಸೇದಿದರೆ ಅಥವಾ ತುಟಿ ನೀಲಿಗಟ್ಟಿದರೆ, ಶಮನದ ಔಷಧಿಯನ್ನು ವೈದ್ಯರು ತಿಳಿಸಿದಂತೆ ಕೊಡುತ್ತಲೇ ಆಸ್ಪತ್ರೆಗೆ ಒಯ್ಯಿರಿ. ಬೆಳಗಾಗಲೆಂದು ಕಾಯಬೇಡಿ.

ಪ್ರತಿ ಸಲ ಆಸ್ಪತ್ರೆಗೆ ಹೋದಾಗ ಇನ್‌ಹೇಲರನ್ನು ಜೊತೆಯಲ್ಲಿ ಒಯ್ದು, ಮಗುವಿನ ಕೈಯಿಂದಲೇ ಬಳಸಿ ತೋರಿಸಿರಿ. ತಪ್ಪಿದ್ದರೆ ಅಲ್ಲಿಯೇ ತಿದ್ದಿಕೊಳ್ಳಬಹುದು.