ಹಣ್ಣಿಗೆ ಬಿಲ್ ಹಾಕದ ಹುಡುಗಿ

ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರಕ್ಕೆ ಐರ್ಲೆಂಡಿನ ಅಂಗಡಿ ನೌಕರರು ಬಿಸಿ ಮುಟ್ಟಿಸಿದ್ದರು, ನಿಮಗಿದು ಗೊತ್ತೆ?

1984ರ ಜುಲೈ 19. ಡಬ್ಲಿನ್‌ನ ಡನ್ಸ್ ಸ್ಟೋರ್ಸ್ ಮಳಿಗೆಯಲ್ಲಿ ಗ್ರಾಹಕರೊಬ್ಬರು ಗ್ರೇಪ್‌ಫ್ರೂಟ್ ತಂದು ಕೌಂಟರಿನ ಮೇಲಿಟ್ಟರು. ಹಣ್ಣು ದಕ್ಷಿಣ ಆಫ್ರಿಕಾದ್ದು. ಆ ದೇಶದ ಸರಕು ಮುಟ್ಟಬಾರದೆಂದು ಕಾರ್ಮಿಕ ಸಂಘ ನಿರ್ಣಯಿಸಿತ್ತು. ಕ್ಯಾಷಿಯರ್ ಮೇರಿ ಮ್ಯಾನಿಂಗ್, 21ರ ಯುವತಿ, ಬಿಲ್ ಹಾಕಲು ಒಪ್ಪಲಿಲ್ಲ. ಅವಳನ್ನು ಅಮಾನತು ಮಾಡಿದ್ದೇ ತಡ, ಸಹೋದ್ಯೋಗಿಗಳೂ ಹೊರನಡೆದರು.

ಮುಷ್ಕರ ಸುಮಾರು ಮೂರು ವರ್ಷ ಎಳೆಯಿತು.

1985ರಲ್ಲಿ ವರ್ಣಭೇದ ವಿರೋಧಿ ಧರ್ಮಗುರು ಡೆಸ್ಮಂಡ್ ಟುಟು ಆಹ್ವಾನದ ಮೇಲೆ ದಕ್ಷಿಣ ಆಫ್ರಿಕಾಕ್ಕೆ ಹಾರಿದ ಮುಷ್ಕರನಿರತರನ್ನು ಜೊಹಾನ್ಸ್‌ಬರ್ಗ್ ವಿಮಾನ ನಿಲ್ದಾಣದಲ್ಲೇ ತಡೆದು ವಾಪಸ್ ಕಳಿಸಲಾಯಿತು. ಕಡೆಗೆ 1987ರಲ್ಲಿ ಐರ್ಲೆಂಡ್ ಸರ್ಕಾರ ದಕ್ಷಿಣ ಆಫ್ರಿಕಾದ ಹಣ್ಣು-ತರಕಾರಿ ಆಮದನ್ನು ನಿಷೇಧಿಸಿತು. ಸೆರೆಯಿಂದ ಬಿಡುಗಡೆಯಾದ ನೆಲ್ಸನ್ ಮಂಡೇಲಾ 1990ರಲ್ಲಿ ಡಬ್ಲಿನ್‌ಗೆ ಬಂದಾಗ ಈ ನೌಕರರನ್ನು ಭೇಟಿಯಾದರು.