ಕೈಗಳೇ ಎದ್ದು ಕಾಣುವ ಚಿತ್ರಶಾಲೆ

ನಯಾಗರಾ ನೋಡಲು ಹೊರಟ ನಮ್ಮವರು ದಾರಿಯಲ್ಲಿ ರೋಚೆಸ್ಟರ್ ಎಂಬ ಫಲಕ ಕಂಡರೂ ಸಾಮಾನ್ಯವಾಗಿ ಕಾರು ನಿಲ್ಲಿಸುವುದಿಲ್ಲ. ನ್ಯೂಯಾರ್ಕ್ ರಾಜ್ಯದ ಈ ಊರು ಒಂದು ಕಾಲಕ್ಕೆ ಕ್ಯಾಮೆರಾ ರೀಲಿನಿಂದ ಹೆಸರಾಗಿತ್ತು. ಕಿವುಡ ಮಕ್ಕಳ ಶಾಲೆ ಇಲ್ಲಿ 1876ರಲ್ಲೇ ಶುರುವಾಯಿತು. ಆಮೇಲೆ ಕಾಲೇಜೂ ಬಂತು. ಓದಲು ಬಂದವರಲ್ಲಿ ಎಷ್ಟೋ ಜನ ಇಲ್ಲೇ ಮನೆ ಮಾಡಿದರು. ಹಾಗಾಗಿ ಬಸ್ಸಿನಲ್ಲಿ, ಅಂಗಡಿಯ ಸಾಲಿನಲ್ಲಿ ಕೈಯಲ್ಲಿ ಮಾತಾಡುವವರು ಸಿಕ್ಕರೆ ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಕಿವುಡ ಕಲಾವಿದರ ಕೃತಿಗಳಿಗೇ ಮೀಸಲಾದ ಚಿತ್ರಶಾಲೆಯೊಂದು ಊರಿನಲ್ಲಿದೆ ಎಂದು ಕೇಳಿ ನಾನು ಹೋದೆ.

ಒಳಗೆ ಕಾಲಿಟ್ಟಾಗ ಮೊದಲು ಗಮನಕ್ಕೆ ಬಂದದ್ದು ಚಿತ್ರಗಳಲ್ಲ, ಓಡಾಡುವ ಜಾಗ. ಓಣಿ ತೀರಾ ಅಗಲ. ಕಾರಣ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ: ಇಬ್ಬರು ಹುಡುಗಿಯರು ಹರಟುತ್ತಾ ಬಂದರು, ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ಅರೆ ಓರೆಯಾಗಿ ನಡೆಯುತ್ತಾ. ಕೈ ಬೀಸಲು ಜಾಗ ಬೇಕು, ಎದುರಿನವರ ಹುಬ್ಬೂ ಕಾಣಬೇಕು. ಗೋಡೆಗೆ ಬಿಳಿಯ ಬದಲು ಮಾಸಲು ನೀಲಿ ಬಳಿದಿದ್ದಾರೆ. ಯಾವ ಮೈಬಣ್ಣದ ಕೈಯಾದರೂ ಅದರೆದುರು ಸ್ಪಷ್ಟವಾಗಿ ಕಾಣುತ್ತದಂತೆ. ಕಿವುಡರ ಓಡಾಟಕ್ಕೆ ಹೊಂದುವಂತೆ ಕಟ್ಟಡ ಕಟ್ಟುವ ಇಂಥ ಲೆಕ್ಕಾಚಾರಗಳನ್ನು 2005ರ ಸುಮಾರಿಗೆ ವಾಷಿಂಗ್ಟನ್‌ನಲ್ಲಿ ಒಟ್ಟುಗೂಡಿಸಿದರು. ಅಂದಹಾಗೆ ಒಳಗೆ ಸದ್ದಿಲ್ಲ ಎಂದೇನೂ ಇಲ್ಲ. ಕುರ್ಚಿ ಎಳೆಯುವ ಸದ್ದು, ಜೋರು ನಗು, ದೂರದವರನ್ನು ಕರೆಯಲು ಮರದ ನೆಲಕ್ಕೆ ಕಾಲು ಬಡಿಯುವ ದಬದಬ ಎಲ್ಲವೂ ಇದ್ದವು.

ಮೊದಲ ಕೋಣೆಯ ಬಾಗಿಲಲ್ಲೇ 1972ರ ಒಂದು ರೇಖಾಚಿತ್ರದ ಅಚ್ಚುಪ್ರತಿ. ಬೇಡಿ ತೊಡಿಸಿದ ಎರಡು ಕೈಗಳು, ತುಂಡಾದ ಬೆರಳುಗಳು. ಹೆಸರು ‘ಅಮೆಸ್ಲಾನ್ ಪ್ರೊಹಿಬಿಟೆಡ್’. ಅಮೆರಿಕದ ಸಂಜ್ಞಾ ಭಾಷೆಯನ್ನು ಆಗ ಅಮೆಸ್ಲಾನ್ ಎಂದೂ ಕರೆಯುತ್ತಿದ್ದರು. ಇದನ್ನು ದಾಟಿ ಒಳಗೆ ಹೋದರೆ ಸುತ್ತಲೂ ಕೈ, ಬಾಯಿ, ಕಿವಿ. ಹಗ್ಗದಲ್ಲಿ ಬಿಗಿದ ಕೈ, ಕುರ್ಚಿಯ ಅಡಿಗೆ ಒತ್ತಿ ಹಿಡಿದ ಕೈ, ಮಗುವಿನ ಮುಖಕ್ಕಿಂತ ದೊಡ್ಡದಾದ ಮೇಷ್ಟ್ರ ಬಾಯಿ.

ಇಷ್ಟು ಸಿಟ್ಟು ಎಲ್ಲಿಂದ ಬಂತು ಎಂದು ತಿಳಿಯಲು 1880ಕ್ಕೆ ಹೋಗಬೇಕು. ಆ ವರ್ಷ ಇಟಲಿಯ ಮಿಲಾನ್‌ನಲ್ಲಿ ಕಿವುಡ ಮಕ್ಕಳ ಶಿಕ್ಷಕರು ಸಮಾವೇಶ ಸೇರಿ, ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯಬೇಕು, ಸಂಜ್ಞೆ ಬೇಡ ಎಂದು ನಿರ್ಣಯ ಮಾಡಿದರು. ಮತ ಹಾಕಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳಿಸುವವರೇ. ಮುಂದೆ ಎಷ್ಟೋ ದಶಕ ಯುರೋಪು, ಅಮೆರಿಕದ ಶಾಲೆಗಳಲ್ಲಿ ಮಕ್ಕಳು ಸಂಜ್ಞೆ ಮಾಡಿದರೆ ಕೈಗೆ ಏಟು ಬೀಳುತ್ತಿತ್ತು. ಕನ್ನಡಿ ಮುಂದೆ ಕೂತು, ತಮಗೇ ಕೇಳಿಸದ ಸ್ವರಗಳನ್ನು ಉಚ್ಚರಿಸುವುದೇ ಓದು. ಆ ನಿರ್ಣಯಕ್ಕೆ ವಿಷಾದ ವ್ಯಕ್ತವಾದದ್ದು 2010ರಲ್ಲಿ, ವ್ಯಾಂಕೂವರ್‌ನ ಸಮಾವೇಶದಲ್ಲಿ. ಸ್ವತಃ ರೋಚೆಸ್ಟರ್‌ನ ಹೆಸರಿನಲ್ಲೇ ಒಂದು ಬೋಧನಾ ಪದ್ಧತಿಯಿತ್ತು. 1878ರ ಹೊತ್ತಿಗೆ ಶುರುವಾದ ಆ ಪದ್ಧತಿಯಲ್ಲಿ ಇಂಗ್ಲಿಷಿನ ಪ್ರತಿ ಪದವನ್ನೂ ಅಕ್ಷರ ಅಕ್ಷರವಾಗಿ ಬೆರಳಲ್ಲಿ ತೋರಿಸಬೇಕಿತ್ತು, ಸಂಜ್ಞೆಗೆ ಅವಕಾಶವಿರಲಿಲ್ಲ. ಒಂದು ಇಡೀ ಪಾಠವನ್ನು ಹಾಗೆ ಮಾಡಿದ ಮೇಷ್ಟ್ರ ಬೆರಳುಗಳ ಗತಿ ಏನಾಗಿರಬೇಡ!

ಪಕ್ಕದ ಗೋಡೆಯ ಮೇಲೆ ಅಮೆರಿಕದ ಬೆರಳಕ್ಷರಗಳ ಸಾಲು. ಎಲ್ಲವೂ ಒಂದೇ ಕೈಯವು. ನಮ್ಮ ದೇಶದ ಕಿವುಡರು ಇಂಗ್ಲಿಷ್ ಅಕ್ಷರಗಳನ್ನು ಬಹುಮಟ್ಟಿಗೆ ಎರಡೂ ಕೈ ಕೂಡಿಸಿ ತೋರಿಸುತ್ತಾರೆ. ಕಿವುಡರಿಗೆಲ್ಲ ಜಗತ್ತಿನಾದ್ಯಂತ ಒಂದೇ ಭಾಷೆ ಎಂದುಕೊಂಡವರು ಈ ಗೋಡೆಯೆದುರು ಒಂದು ನಿಮಿಷ ನಿಲ್ಲಬೇಕು.

ಎರಡನೆಯ ಕೋಣೆಗೆ ಬಂದರೆ ಬಣ್ಣವೇ ಬೇರೆ. ಕಡುನೀಲಿ, ಅಚ್ಚ ಹಳದಿ, ಕೆಂಪು. ಮಧ್ಯದ ಫಲಕದಲ್ಲಿ 1989ರ ಮಾತು. ಆ ವರ್ಷ ಒಂದಷ್ಟು ಕಿವುಡ ಕಲಾವಿದರು ವಾಷಿಂಗ್ಟನ್‌ನಲ್ಲಿ ಕೂಡಿ ಒಂದು ಪ್ರಣಾಳಿಕೆ ಬರೆದು, ತಮ್ಮ ಕಲೆಗೆ ಡೆವಿಯಾ ಎಂದು ಹೆಸರಿಟ್ಟರು. ಅದರ ಪ್ರಕಾರ ಕಲಾವಿದ ಕಿವುಡನಾದ ಮಾತ್ರಕ್ಕೆ ಅವನ ಚಿತ್ರ ಡೆವಿಯಾ ಆಗುವುದಿಲ್ಲ. ಕಿವುಡುತನದ ಅನುಭವ ಚಿತ್ರದಲ್ಲಿ ಬರಬೇಕು. ಕಿವುಡ ತಂದೆತಾಯಿಯರ ಕೈಯಲ್ಲಿ ಬೆಳೆದ, ಕಿವಿ ಕೇಳಿಸುವ ಮಕ್ಕಳೂ ಇಂಥ ಚಿತ್ರ ಬರೆಯಬಹುದು. ಗಾಢ ಬಣ್ಣ, ಹಿಗ್ಗಿಸಿ ಬರೆದ ಕಣ್ಣು, ಬಾಯಿ, ಕಿವಿ, ಕೈ ಇದರ ಲಕ್ಷಣಗಳು.

ನಿಜ ಹೇಳಬೇಕೆಂದರೆ ಇಲ್ಲಿನ ಕೆಲವು ಚಿತ್ರಗಳು ನನಗೆ ಮೆರವಣಿಗೆಯ ಭಿತ್ತಿಪತ್ರದ ಹಾಗೆ ಕಂಡವು. ಕಿತ್ತೊಗೆದ ಸರಪಳಿ, ಮೇಲೆ ಸೂರ್ಯ. ಹೇಳಬೇಕಾದ್ದೆಲ್ಲ ಮೊದಲ ನೋಟಕ್ಕೇ ಮುಗಿಯಿತು. ಅದೇ ಗೋಡೆಯ ತುದಿಯ ಪುಟ್ಟ ಕ್ಯಾನ್ವಾಸ್ ಮಾತ್ರ ಹಿಡಿದು ನಿಲ್ಲಿಸಿತು. ಹಬ್ಬದೂಟದ ಮೇಜು, ಸುತ್ತ ಏಳೆಂಟು ಮಂದಿ, ಎಲ್ಲರ ಬಾಯೂ ತೆರೆದಿದೆ. ನಡುವೆ ಕೂತ ಹುಡುಗ ತಟ್ಟೆಯಲ್ಲಿನ ಬಟಾಣಿಗಳನ್ನು ಸಾಲಾಗಿ ಜೋಡಿಸುತ್ತಿದ್ದಾನೆ. ಕಿವಿಯನ್ನು ದೊಡ್ಡದಾಗಿ ಬರೆದಿಲ್ಲ, ಬೇಡಿಯಿಲ್ಲ. ಕೇಳಿಸುವವರೇ ತುಂಬಿದ ಮನೆಯಲ್ಲಿ ಒಬ್ಬನೇ ಕಿವುಡ ಮಗು ಹೇಗೆ ಊಟ ಮುಗಿಸುತ್ತದೆ ಎಂಬುದು ಅದರಲ್ಲಿತ್ತು. ಎಲ್ಲರೂ ಯಾಕೆ ನಕ್ಕರು ಎಂದು ಅದು ಕೇಳಿದರೆ, ‘ಆಮೇಲೆ ಹೇಳುತ್ತೇನೆ’ ಎಂಬ ಉತ್ತರ ನಮ್ಮ ಮನೆಗಳಲ್ಲೂ ಸಿಗುತ್ತದೆ.

ಮೂರನೆಯದು ಕತ್ತಲೆ ಕೋಣೆ, ವಿಡಿಯೊ. ಒಬ್ಬ ಮುದುಕರು ಸಂಜ್ಞೆಯಲ್ಲಿ ಕವಿತೆ ಹೇಳುತ್ತಿದ್ದರು. ಕೆಳಗೆ ಅನುವಾದದ ಸಾಲು ಇಲ್ಲ, ಬೇಕೆಂದೇ ಹಾಕಿಲ್ಲ. ಒಂದೇ ಕೈ ಆಕಾರ ಮತ್ತೆ ಮತ್ತೆ ಬರುವುದೇ ಇಂಥ ಕವಿತೆಯ ಪ್ರಾಸ ಎಂಬುದು ಗೊತ್ತಿದ್ದರಿಂದ ಅದನ್ನಷ್ಟೇ ಹುಡುಕಿದೆ. ಮುಷ್ಟಿ ಬಂತು, ತೆರೆದುಕೊಂಡಿತು, ಮರವಾಯಿತೋ ಹಕ್ಕಿಯಾಯಿತೋ ತಿಳಿಯಲಿಲ್ಲ. ಪಕ್ಕದ ಬೆಂಚಿನವರು ಗೊಳ್ಳೆಂದು ನಕ್ಕಾಗ ನಾನು ಪೆಚ್ಚಾಗಿ ಕೂತಿದ್ದೆ. ಬಟಾಣಿಯ ಹುಡುಗನ ಜಾಗ.

ಹೊರಗೆ ಮೇಜಿನ ಬಳಿ ಇದ್ದ ಕಿವುಡ ಯುವತಿಗೆ ಮೊಬೈಲಿನಲ್ಲಿ ಬರೆದು ತೋರಿಸಿದೆ: ‘ನಮ್ಮ ದೇಶದಲ್ಲಿ ಬಾಲ್ಯದಲ್ಲೇ ಕಿವಿ ಕಳೆದುಕೊಂಡ ದೊಡ್ಡ ಚಿತ್ರಕಾರರೊಬ್ಬರಿದ್ದರು. ಮೆಕ್ಸಿಕೊಗೆ ಹೋಗಿ ಭಿತ್ತಿಚಿತ್ರ ಕಲಿತರು, ದೇಶ ವಿಭಜನೆಯ ಸಂಕಟ ಬರೆದರು, ದೆಹಲಿಯ ಬೆಲ್ಜಿಯಂ ದೂತಾವಾಸದ ಕಟ್ಟಡವನ್ನೂ ರೂಪಿಸಿದರು. ಅವರಿಗೆ ಇಲ್ಲಿ ಜಾಗವಿದೆಯೇ?’ ಆಕೆ ಓದಿ, ಒಂದು ಕ್ಷಣ ಯೋಚಿಸಿ ಟೈಪ್ ಮಾಡಿದಳು: ‘ಕೆಳಗಿನ ಕೋಣೆಗಳಲ್ಲಿ ಇಲ್ಲ. ನೀವು ಮೇಲಿನ ಮಹಡಿ ನೋಡಿದಿರಾ?’

ನೋಡಿರಲಿಲ್ಲ. ಹತ್ತಿ ಹೋದೆ. ಅಲ್ಲಿ ಹಿಮ ಬಿದ್ದ ಕೆರೆ, ಗಾಜಿನ ಹೂಜಿ, ತುಂಡುಬಟ್ಟೆ ಜೋಡಿಸಿ ಹೊಲಿದ ಹೊದಿಕೆ, ಮಣ್ಣಿನ ಬಟ್ಟಲು. ಕಿವುಡುತನದ ಸುಳಿವೂ ಇಲ್ಲ. ಕೆಳಗೆ ಹೆಸರು, ವರ್ಷ, ಎಣ್ಣೆಬಣ್ಣ ಎಂದಷ್ಟೇ. ಪ್ರಣಾಳಿಕೆಯ ಗೆರೆಯಾಚೆಗಿನ ಈ ಕೆಲಸಗಳಲ್ಲೇ ಕುಸುರಿ ಹೆಚ್ಚು ಎನಿಸಿತು. ಆದರೆ ಕೆಳಗಿನ ಸಿಟ್ಟಿನ ಕೋಣೆ ದಾಟದೆ ನೇರ ಇಲ್ಲಿಗೇ ಬಂದಿದ್ದರೆ, ಆ ಕೆರೆಯೆದುರು ನಾನು ಅಷ್ಟು ಹೊತ್ತು ನಿಲ್ಲುತ್ತಿದ್ದೆನೋ ಇಲ್ಲವೋ.

ಮುಚ್ಚುವ ಹೊತ್ತಾಯಿತೆಂದು ದೀಪಗಳನ್ನು ಎರಡು ಸಲ ಆರಿಸಿ ಹಚ್ಚಿದರು. ಯಾರೂ ಕದಲಲಿಲ್ಲ. ಕಿವುಡರ ಬೀಳ್ಕೊಡುಗೆ ಬೇಗ ಮುಗಿಯುವುದಿಲ್ಲ ಎಂಬ ಮಾತು ಅವರಲ್ಲೇ ಇದೆ. ಎಲ್ಲರೂ ಮೆಟ್ಟಿಲಿಳಿದು, ಹೊರಗಿನ ದೊಡ್ಡ ದೀಪದ ಬೆಳಕಿಗೆ ಸರಿದು, ಅಲ್ಲಿ ಮತ್ತೆ ಹೊಸದಾಗಿ ಹರಟೆ ಶುರುಮಾಡಿದರು.